ಭಕ್ತರಿಲ್ಲದ ಮಂದಿರಕ್ಕೆ ಬರೆದಿಟ್ಟ ಹಣ

ಹತ್ತೊಂಬತ್ತನೇ ಶತಮಾನದಲ್ಲಿ ಅಣ್ಣ ತಮ್ಮ ಇಬ್ಬರು ಬರೆದಿಟ್ಟ ಉಯಿಲುಗಳು ಅಮೆರಿಕದ ಅತಿ ಹಳೆಯ ಸಿನಗಾಗ್ ಕಟ್ಟಡವನ್ನು ಕಾಪಾಡಿದವು. ತಮ್ಮ ಕಾಲಾನಂತರ ಆಸ್ತಿಯ ಒಂದು ಪಾಲು ಧರ್ಮಕಾರ್ಯಕ್ಕೆ ಸಲ್ಲಲಿ ಎಂದು ಬಯಸುವ ಯಾರಿಗಾದರೂ ಆ ಕಥೆಯಲ್ಲಿ ಕಲಿಯುವುದಿದೆ.

1822ರಲ್ಲಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಪಟ್ಟಣದಲ್ಲಿ ಉಳಿದಿದ್ದ ಕೊನೆಯ ಯಹೂದಿ ಮೋಸೆಸ್ ಲೋಪೆಜ್ ನ್ಯೂಯಾರ್ಕಿಗೆ ಹೊರಟುಹೋದರು. ಅಲ್ಲಿನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಅಷ್ಟರೊಳಗೇ ಬಾಗಿಲು ಹಾಕಿತ್ತು. ಸಾಂಪ್ರದಾಯಿಕ ಯಹೂದಿ ಪದ್ಧತಿಯಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕು. ನ್ಯೂಪೋರ್ಟಿನಲ್ಲಿ ಈಗ ಒಬ್ಬರೂ ಇರಲಿಲ್ಲ. ಅದೇ ವರ್ಷ ಬಾಸ್ಟನ್ನಿನ ವ್ಯಾಪಾರಿ ಅಬ್ರಹಾಂ ಟೂರೋ ಕುದುರೆಗಾಡಿಯ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡರು. ಅವರ ಉಯಿಲಿನಲ್ಲಿ ಆ ಖಾಲಿ ಮಂದಿರಕ್ಕೆ 10,000 ಡಾಲರ್ ಬರೆದಿತ್ತು. ಸಿನಗಾಗ್ ಮತ್ತು ಯಹೂದಿ ಸ್ಮಶಾನ ಇರುವ ಬೀದಿಯನ್ನು ಸುಸ್ಥಿತಿಯಲ್ಲಿಡಲು ಇನ್ನೂ 5,000 ಡಾಲರ್ ಇತ್ತು.

ಜನರೇ ಇಲ್ಲದ ಮಂದಿರಕ್ಕೆ ಹಣ ಏಕೆ ಎಂದು ಆಗ ಎಷ್ಟೋ ಮಂದಿಗೆ ಅನಿಸಿರಬೇಕು. ಇಂದು ಆ ಕಟ್ಟಡದ ಹೆಸರು ಟೂರೋ ಸಿನಗಾಗ್. ಅದು ಅಮೆರಿಕದ ರಾಷ್ಟ್ರೀಯ ಸ್ಮಾರಕಗಳಲ್ಲೊಂದು. ಕಟ್ಟಿಸಿದವರ ಹೆಸರಾಗಲೀ ವಾಸ್ತುಶಿಲ್ಪಿಯ ಹೆಸರಾಗಲೀ ಅದಕ್ಕೆ ಅಂಟಿಕೊಳ್ಳಲಿಲ್ಲ. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅದರ ಖರ್ಚು ಹೊತ್ತವರ ಹೆಸರು ಉಳಿಯಿತು.

ಹಜ್ಜಾನನ ಮಕ್ಕಳು

ನ್ಯೂಪೋರ್ಟ್ ಒಂದು ಕಾಲಕ್ಕೆ ಶ್ರೀಮಂತ ಬಂದರು. ರಮ್ಮು, ತಿಮಿಂಗಿಲದ ಕೊಬ್ಬಿನ ಮೇಣದಬತ್ತಿ ಅಲ್ಲಿನ ಸರಕು. ಗುಲಾಮರ ವ್ಯಾಪಾರವೂ ಆ ಸಿರಿವಂತಿಕೆಯೊಳಗೆ ಬೆರೆತಿತ್ತು, ಯಹೂದಿ ವರ್ತಕರಲ್ಲೂ ಕೆಲವರು ಅದರಲ್ಲಿ ಪಾಲುದಾರರಾಗಿದ್ದರು. ಸ್ಪೇನ್ ಮತ್ತು ಪೋರ್ಚುಗಲ್‌ಗಳಿಂದ ಓಡಿಸಲ್ಪಟ್ಟ ಯಹೂದಿಗಳ ವಂಶಸ್ಥರು ಅಲ್ಲಿ ನೆಲೆಸಿ 1759ರಲ್ಲಿ ಸಿನಗಾಗ್ ಕಟ್ಟಲು ತೊಡಗಿದರು. ನಕ್ಷೆ ಬರೆದವರು ಪೀಟರ್ ಹ್ಯಾರಿಸನ್. 1763ರ ಡಿಸೆಂಬರಿನಲ್ಲಿ ಅದು ಪ್ರಾರ್ಥನೆಗೆ ತೆರೆಯಿತು.

ಕಟ್ಟಡ ಹೊರಗಿನಿಂದ ಸಾದಾ. ರಸ್ತೆಗೆ ನೇರವಾಗಿ ನಿಲ್ಲದೆ ಓರೆಯಾಗಿ ನಿಂತಿದೆ, ಏಕೆಂದರೆ ಯಹೂದಿ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ಇಡುವ ಕಪಾಟು ಜೆರುಸಲೇಮಿನ ದಿಕ್ಕಿಗೆ, ಪೂರ್ವಕ್ಕೆ ಇರಬೇಕು. ಒಳಗೆ ಹೆಂಗಸರ ಉಪ್ಪರಿಗೆಯನ್ನು ಹೊತ್ತು ನಿಂತಿರುವುದು ಹನ್ನೆರಡು ಮರದ ಕಂಬಗಳು, ಇಸ್ರೇಲಿನ ಹನ್ನೆರಡು ಕುಲಗಳ ಲೆಕ್ಕಕ್ಕೆ. ಮೇಲಿನಿಂದ ಹಿತ್ತಾಳೆಯ ದೀಪಗೊಂಚಲುಗಳು ಇಳಿಬಿದ್ದಿವೆ. ನಡುವೆ ಕಟಕಟೆ ಹಾಕಿದ ವೇದಿಕೆ. ಅದರ ಮೇಲೆ ನಿಂತು ಪ್ರಾರ್ಥನೆ ನಡೆಸುತ್ತಿದ್ದವರು ಆಮ್‌ಸ್ಟರ್‌ಡ್ಯಾಮಿನಿಂದ ಬಂದಿದ್ದ ಹಜ್ಜಾನ್ ಐಸಾಕ್ ಟೂರೋ. ಅಬ್ರಹಾಂ ಮತ್ತು ಜೂಡಾ ಅವರ ಮಕ್ಕಳು.

ಆ ಮಕ್ಕಳ ಬಾಲ್ಯವನ್ನು ಯುದ್ಧ ಕದಡಿತು. 1776ರಲ್ಲಿ ಬ್ರಿಟಿಷ್ ಸೇನೆ ನ್ಯೂಪೋರ್ಟನ್ನು ಹಿಡಿಯಿತು. ವರ್ತಕರು ಚದುರಿದರು. ಬ್ರಿಟಿಷರ ಪರ ನಿಂತಿದ್ದ ಐಸಾಕ್ ಮೊದಲು ನ್ಯೂಯಾರ್ಕಿಗೆ, ಆಮೇಲೆ ಜಮೈಕಾಕ್ಕೆ ಹೋಗಿ 1783ರಲ್ಲಿ ಅಲ್ಲೇ ತೀರಿಕೊಂಡರು. ತಾಯಿ ಮಕ್ಕಳನ್ನು ಕರೆದುಕೊಂಡು ಬಾಸ್ಟನ್ನಿನ ತವರಿಗೆ ಬಂದರು. ಕೆಲವೇ ವರ್ಷಗಳಲ್ಲಿ ಆಕೆಯೂ ಹೋದರು. ಸೋದರಮಾವ ಮೋಸೆಸ್ ಮೈಕೇಲ್ ಹೇಸ್ ಆ ಮಕ್ಕಳನ್ನು ಸಾಕಿ, ವ್ಯಾಪಾರ ಕಲಿಸಿ ದೊಡ್ಡವರನ್ನಾಗಿ ಮಾಡಿದರು. ನ್ಯೂಪೋರ್ಟಿನಲ್ಲಿ ಅವರಿಗೆ ಮನೆ ಇರಲಿಲ್ಲ, ಹೊಲ ಇರಲಿಲ್ಲ. ಅಪ್ಪ ದನಿಯೆತ್ತಿ ಪ್ರಾರ್ಥಿಸಿದ ಒಂದು ಕಟ್ಟಡ ಮಾತ್ರ ಇತ್ತು.

ಅಬ್ರಹಾಂ ಉಯಿಲು ಬರೆಯುವಾಗ ಎದುರಿಗಿದ್ದ ತೊಡಕು ಇದು: ಹಣ ಕೊಡಬೇಕು, ಪಡೆಯಲು ಕೈಗಳೇ ಇಲ್ಲ. ಅವರು ಹಣವನ್ನು ರೋಡ್ ಐಲೆಂಡಿನ ಶಾಸನಸಭೆಗೆ ನಂಬಿಕೆಯ ನಿಧಿಯಾಗಿ ಒಪ್ಪಿಸಿದರು. ಇದರಿಂದ ಸಿನಗಾಗನ್ನು ನೋಡಿಕೊಳ್ಳಿ ಎಂಬುದು ಷರತ್ತು. ಒಬ್ಬನೇ ಒಬ್ಬ ಯಹೂದಿ ಇಲ್ಲದ ಊರಿನಲ್ಲಿ ಕ್ರೈಸ್ತರಿಂದ ಕೂಡಿದ ಶಾಸನಸಭೆ ಆ ಹೊಣೆ ಹೊತ್ತಿತು. ನಿಧಿಗೆ ಟೂರೋ ಹೆಸರೇ ನಿಂತಿತು. ನಿಧಿಯಿಂದ ಆ ಹೆಸರು ಕಟ್ಟಡಕ್ಕೆ ಬಂತು. ಸ್ಟೀಫನ್ ಗೂಲ್ಡ್ ಎಂಬ ಕ್ವೇಕರ್ ಪಂಥದ ಕ್ರೈಸ್ತ ಗೃಹಸ್ಥರು, ಊರು ಬಿಟ್ಟುಹೋದ ಯಹೂದಿ ಗೆಳೆಯರ ಮೇಲಿನ ಪ್ರೀತಿಯಿಂದ ಕಟ್ಟಡದ ಉಸ್ತುವಾರಿ ನೋಡಿಕೊಂಡರು.

ಸಾಯುವ ಹನ್ನೆರಡು ದಿನ ಮುಂಚೆ

ತಮ್ಮ ಜೂಡಾ ಟೂರೋ ದಕ್ಷಿಣಕ್ಕೆ ಹೋಗಿ ನ್ಯೂ ಆರ್ಲಿಯನ್ಸಿನಲ್ಲಿ ಅಂಗಡಿ ತೆರೆದರು, ಹಡಗು ಮತ್ತು ಮನೆಗಳ ಒಡೆಯರಾದರು. 1815ರ ನ್ಯೂ ಆರ್ಲಿಯನ್ಸ್ ಕದನದಲ್ಲಿ ತೀವ್ರವಾಗಿ ಗಾಯಗೊಂಡು, ರೆಜಿನ್ ಶೆಪರ್ಡ್ ಎಂಬ ಗೆಳೆಯನ ಆರೈಕೆಯಿಂದ ಬದುಕಿದರು. ಮದುವೆಯಾಗಲಿಲ್ಲ. ನಡುವಯಸ್ಸಿನವರೆಗೆ ಧರ್ಮಾಚರಣೆಯ ಕಡೆ ಅಷ್ಟಾಗಿ ಒಲವೂ ಇರಲಿಲ್ಲ. ಇಳಿವಯಸ್ಸಿನಲ್ಲಿ ಗೆರ್ಶೋಮ್ ಕುರ್ಷೀಟ್ ಎಂಬ ಕಿರಿಯ ಸ್ನೇಹಿತನ ಒತ್ತಾಸೆಯಿಂದ ಪ್ರಾರ್ಥನೆ ಮತ್ತು ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಆಚರಣೆಯ ಕಡೆಗೆ ಮರಳಿದರು.

1854ರ ಜನವರಿ 6ರಂದು ಉಯಿಲು ಬರೆಸಿದರು. ಜನವರಿ 18ರಂದು ಹೋದರು. ಆ ಕಾಲದ ಸುಮಾರು 5 ಲಕ್ಷ ಡಾಲರ್ ದಾನಕ್ಕೆ ಮೀಸಲಾಗಿತ್ತು. ಅಮೆರಿಕದ ಅನೇಕ ನಗರಗಳ ಸಿನಗಾಗ್‌ಗಳಿಗೆ, ಅನಾಥಾಲಯಗಳಿಗೆ, ಆಸ್ಪತ್ರೆಗಳಿಗೆ ಪಾಲು ಬಂತು; ಯಹೂದಿಗಳದ್ದೋ ಕ್ರೈಸ್ತರದ್ದೋ ಎಂಬ ಭೇದವಿರಲಿಲ್ಲ. ಪ್ರಾಣ ಉಳಿಸಿದ ಶೆಪರ್ಡರಿಗೆ, ಎಲ್ಲರಿಗೂ ಕೊಟ್ಟು ಮಿಕ್ಕ ಆಸ್ತಿ. ಜೆರುಸಲೇಮಿನ ಬಡ ಯಹೂದಿಗಳಿಗಾಗಿ ಇಟ್ಟ ದೊಡ್ಡ ಮೊತ್ತದ ಜವಾಬ್ದಾರಿಯನ್ನು ಲಂಡನ್ನಿನ ಸರ್ ಮೋಸೆಸ್ ಮಾಂಟೆಫಿಯೋರೆ ಅವರಿಗೆ ವಹಿಸಲಾಗಿತ್ತು. ಆ ಹಣದಿಂದ 1860ರಲ್ಲಿ ಎದ್ದ ಮಿಷ್ಕೆನೋತ್ ಶಅನನೀಮ್, ಹಳೆಯ ಜೆರುಸಲೇಮಿನ ಕೋಟೆಗೋಡೆಯ ಹೊರಗೆ ಯಹೂದಿಗಳು ಕಟ್ಟಿಕೊಂಡ ಮೊದಲ ವಸತಿ. ಮೊದಲು ಅಲ್ಲಿ ಆಸ್ಪತ್ರೆ ಕಟ್ಟುವ ಯೋಚನೆಯಿತ್ತು. ಆಮೇಲೆ ಬಡವರಿಗೆ ಮನೆ ಕಟ್ಟುವುದೇ ಒಳ್ಳೆಯದು ಎಂದು ತೀರ್ಮಾನವಾಯಿತು. ಉದ್ದೇಶ ಸ್ಪಷ್ಟವಾಗಿತ್ತು, ಹೊಣೆ ಹೊತ್ತವರಿಗೆ ವಿವೇಚನೆಗೂ ಜಾಗವಿತ್ತು. ಹಾಗಾಗಿ ಮಾರ್ಗ ಬದಲಾದರೂ ದಾನಿಯ ಮನಸ್ಸು ಕೆಡಲಿಲ್ಲ.

ನ್ಯೂಪೋರ್ಟಿಗೆ ಜೂಡಾ ಬರೆದದ್ದು 10,000 ಡಾಲರ್: ಸಿನಗಾಗಿನಲ್ಲಿ ಪ್ರಾರ್ಥನೆ ನಡೆಸುವವರ ಸಂಬಳಕ್ಕೆ, ಸ್ಮಶಾನದ ನಿಗಾಕ್ಕೆ. ಪ್ರಾರ್ಥಿಸುವವರೇ ಇಲ್ಲದ ಊರಿನಲ್ಲಿ ಪ್ರಾರ್ಥನೆ ನಡೆಸುವವನ ಸಂಬಳಕ್ಕೆ ಹಣ! ಕವಿ ಲಾಂಗ್‌ಫೆಲೋ 1852ರಲ್ಲಿ ಅಲ್ಲಿನ ಯಹೂದಿ ಸ್ಮಶಾನವನ್ನು ನೋಡಿ ಕವಿತೆ ಬರೆದರು. ಈ ಜನರ ಕಾಲ ಮುಗಿಯಿತು ಎಂಬುದು ಅದರ ಧಾಟಿ. ನೋಡಿದ ಯಾರಿಗಾದರೂ ಹಾಗೇ ಅನಿಸುತ್ತಿತ್ತು. ಆದರೆ 1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ಯಹೂದಿಗಳ ಮೇಲೆ ದಾಳಿಗಳಾದವು, ಪೂರ್ವ ಯೂರೋಪಿನಿಂದ ವಲಸೆ ಬಂದವರು ನ್ಯೂಪೋರ್ಟನ್ನೂ ತಲುಪಿದರು. 1883ರಲ್ಲಿ ಸಿನಗಾಗ್ ಮತ್ತೆ ತೆರೆಯಿತು. ರಬ್ಬಿ, ಅಂದರೆ ಯಹೂದಿ ಧರ್ಮಗುರು, ಅಬ್ರಹಾಂ ಪೆರೇರಾ ಮೆಂಡೆಸ್ ಪ್ರಾರ್ಥನೆ ನಡೆಸಲು ಬಂದರು. ಟೂರೋ ಸಹೋದರರು ಕಂಡೂ ಕೇಳರಿಯದ, ಬೇರೆ ಭಾಷೆಯ, ಬೇರೆ ಸಂಪ್ರದಾಯದ ಬಡ ಯಹೂದಿಗಳಿಗೆ ಸೂರು ಸೋರದ ಮಂದಿರ ಕಾದಿತ್ತು.

ಉಯಿಲಿಗೆ ಧರ್ಮದ ಕಟ್ಟಳೆ

ಯಹೂದಿ ಧರ್ಮಶಾಸ್ತ್ರದಲ್ಲಿ ಉಯಿಲು ಸರಳವಾದ ವಿಷಯವಲ್ಲ. ಆಸ್ತಿ ಯಾರಿಗೆ ಹೋಗಬೇಕೆಂಬ ಕ್ರಮ ತೋರಾದಲ್ಲೇ ಇದೆ. ಮನುಷ್ಯ ಸತ್ತ ಕ್ಷಣಕ್ಕೆ ಆಸ್ತಿ ವಾರಸುದಾರರದ್ದಾಗುತ್ತದೆ. ತನ್ನದಲ್ಲದ್ದನ್ನು ಸತ್ತವನು ಬೇರೆಯವರಿಗೆ ಕೊಡಲಾರ. ಹೀಗಾಗಿ ರಬ್ಬಿಗಳು ಒಂದು ದಾರಿ ಕಂಡುಕೊಂಡರು. ಉಯಿಲನ್ನು ಬದುಕಿರುವಾಗಲೇ ಕೊಟ್ಟ ದಾನವಾಗಿ ಬರೆಯಬೇಕು, ಅದು ಸಾವಿಗೆ ಒಂದು ಗಳಿಗೆ ಮುಂಚೆ ಜಾರಿಗೆ ಬರಬೇಕು. ಇಂದಿಗೂ ಶಾಸ್ತ್ರಬದ್ಧವಾಗಿ ನಡೆಯುವವರು ಸರ್ಕಾರಿ ಕಾನೂನಿನ ಉಯಿಲಿನ ಜೊತೆಗೆ ಇಂಥ ಪತ್ರವನ್ನೂ ಬರೆಸುತ್ತಾರೆ. ಮರಣಶಯ್ಯೆಯಲ್ಲಿರುವವರ ಬಾಯಿಮಾತಿಗೂ ರಬ್ಬಿಗಳ ಧರ್ಮಚರ್ಚೆಯ ಗ್ರಂಥವಾದ ತಾಲ್ಮೂದ್ ಬರಹದ ಬಲ ಕೊಟ್ಟಿದೆ. ರೋಗಿಯ ಮನಸ್ಸು ಆತಂಕದಿಂದ ಇನ್ನಷ್ಟು ಕೆಡಬಾರದು ಎಂಬ ಕರುಣೆ ಅದರ ಹಿಂದಿದೆ.

ಎಷ್ಟು ಕೊಡಬಹುದು ಎಂಬುದಕ್ಕೂ ಲೆಕ್ಕವಿದೆ. ಬದುಕಿರುವಾಗ ಐದನೇ ಒಂದು ಪಾಲಿಗಿಂತ ಹೆಚ್ಚು ದಾನ ಮಾಡಿ ತಾನೇ ಪರರ ಮುಂದೆ ಕೈಯೊಡ್ಡುವಂತೆ ಆಗಬಾರದು. ಸಾಯುವಾಗ ಆ ಭಯವಿಲ್ಲ, ಹೆಚ್ಚು ಕೊಡಬಹುದು. ಮಾರ್ ಉಕ್ವಾ ಎಂಬ ದೊಡ್ಡವರು ಕೊನೆಗಾಲದಲ್ಲಿ ತಮ್ಮ ದಾನದ ಲೆಕ್ಕ ತರಿಸಿ ನೋಡಿ, ಮುಂದಿನ ದೂರದ ಪಯಣಕ್ಕೆ ಈ ಬುತ್ತಿ ಸಾಲದೆಂದು ಉಳಿದ ಆಸ್ತಿಯಲ್ಲಿ ಅರ್ಧ ಕೊಟ್ಟರೆಂದು ತಾಲ್ಮೂದ್ ಹೇಳುತ್ತದೆ. ಜೊತೆಗೆ ಎಚ್ಚರಿಕೆಯೂ ಉಂಟು. ಮಕ್ಕಳನ್ನು ಬರಿಗೈ ಮಾಡಿ ಎಲ್ಲವನ್ನೂ ಹೊರಗಿನವರಿಗೆ ಬರೆದರೆ ಪತ್ರ ಸಿಂಧುವಾಗುತ್ತದೆ, ಆದರೆ ಅಂಥವನ ಬಗ್ಗೆ ಹಿರಿಯರ ಮನಸ್ಸು ತಣಿಯುವುದಿಲ್ಲ. ಧರ್ಮಕ್ಕೆ ಕೊಡುವ ಉತ್ಸಾಹದಲ್ಲಿ ಮನೆಯವರ ಹಕ್ಕು ಮರೆಯಬಾರದು ಎಂಬ ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಸಿನಗಾಗಿಗೆ ಬರೆದಿಡುವ ರೂಢಿ ಎಷ್ಟು ಹಳೆಯದು ಎಂಬುದಕ್ಕೆ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನೀಝಾದಲ್ಲಿ ಸಾಕ್ಷಿ ಸಿಕ್ಕಿದೆ. ದೇವರ ಹೆಸರಿರಬಹುದಾದ ಕಾಗದವನ್ನು ಹರಿದೆಸೆಯಬಾರದೆಂದು ಶತಮಾನಗಳ ಕಾಲ ತುಂಬಿಟ್ಟ ಕೋಣೆ ಅದು. ಹನ್ನೆರಡನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಅವರ ಪತ್ರಗಳು ಉಳಿದದ್ದೂ ಅದೇ ಕೋಣೆಯಲ್ಲಿ. ಆ ರಾಶಿಯಲ್ಲಿ ವುಹ್‌ಶಾ ಎಂಬ ಹೆಣ್ಣುಮಗಳ ಉಯಿಲೂ ಇದೆ. ಸುಮಾರು 1100ರ ಹೊತ್ತಿಗೆ ದಲ್ಲಾಳಿ ವ್ಯಾಪಾರದಿಂದ ದುಡ್ಡು ಮಾಡಿದ ಗಟ್ಟಿಗಿತ್ತಿ. ಮದುವೆಯ ಹೊರಗೆ ಮಗು ಪಡೆದಳೆಂದು ಆಕೆಯನ್ನು ಪ್ರಾಯಶ್ಚಿತ್ತದ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದೇ ಸಿನಗಾಗಿನಿಂದ ಹೊರಗೆ ಕಳಿಸಿದ್ದರು. ಆಕೆ ಮಾತ್ರ ತನ್ನ ಉಯಿಲಿನಲ್ಲಿ ಊರಿನ ಸಿನಗಾಗ್‌ಗಳಿಗೆ, ರಾತ್ರಿ ಹೊತ್ತು ಜನ ಕುಳಿತು ಓದಲು ದೀಪದ ಎಣ್ಣೆಗೆಂದು ಹಣ ಇಟ್ಟಳು. ಹೊರಹಾಕಿದ ಸಿನಗಾಗನ್ನೂ ಬಿಡಲಿಲ್ಲ. ನಂದಾದೀವಿಗೆಗೆ ಗಾಣದ ಎಣ್ಣೆ ಬಿಟ್ಟುಕೊಟ್ಟ ನಮ್ಮ ಶಾಸನಗಳನ್ನು ಓದಿದವರಿಗೆ ಆ ಮನಸ್ಸು ಥಟ್ಟನೆ ಅರ್ಥವಾಗುತ್ತದೆ.

ಹುಂಡಿ ಇಲ್ಲದ ಮಂದಿರ

ಸಿನಗಾಗ್‌ಗಳಿಗೆ ಉಯಿಲಿನ ದತ್ತಿ ಅಷ್ಟು ಮುಖ್ಯವಾಗಲು ಇನ್ನೊಂದು ಕಾರಣವಿದೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ಸಬ್ಬತ್ತಿನಲ್ಲಿ ಶಾಸ್ತ್ರ ಪಾಲಿಸುವ ಯಹೂದಿಗಳು ಹಣ ಮುಟ್ಟುವುದಿಲ್ಲ. ಹೆಚ್ಚು ಜನ ಸೇರುವ ದಿನವೇ ತಟ್ಟೆ ಹಿಡಿಯುವಂತಿಲ್ಲ, ಹುಂಡಿ ಇಡುವಂತಿಲ್ಲ. ಅಮೆರಿಕದ ಹೆಚ್ಚಿನ ಸಿನಗಾಗ್‌ಗಳು ನಡೆಯುವುದು ಸದಸ್ಯರ ವಾರ್ಷಿಕ ಚಂದಾ ಮತ್ತು ದೇಣಿಗೆಯಿಂದ. ಸದಸ್ಯರು ಕಡಿಮೆಯಾದರೆ ರಬ್ಬಿಯ ಸಂಬಳ, ಮಕ್ಕಳ ಹೀಬ್ರೂ ಪಾಠ, ಚಾವಣಿ ರಿಪೇರಿ ಎಲ್ಲಕ್ಕೂ ಕುತ್ತು.

ಅನೇಕ ಸಿನಗಾಗ್‌ಗಳ ಗೋಡೆಯ ಮೇಲೆ ಹಿತ್ತಾಳೆಯ ಪುಟ್ಟ ಫಲಕಗಳ ಸಾಲು ಇರುತ್ತದೆ. ಪ್ರತಿಯೊಂದರ ಮೇಲೂ ತೀರಿಹೋದವರೊಬ್ಬರ ಹೆಸರು, ಹೀಬ್ರೂ ಪಂಚಾಂಗದ ತಿಥಿ, ಪಕ್ಕದಲ್ಲಿ ಬೆರಳತುದಿಯಷ್ಟು ಒಂದು ಬಲ್ಬು. ವರ್ಷದ ಆ ತಿಥಿ ಬಂದಾಗ ಬಲ್ಬು ಬೆಳಗುತ್ತದೆ, ಮನೆಯವರು ಬಂದು ಕದ್ದೀಶ್ ಪ್ರಾರ್ಥನೆ ಹೇಳುತ್ತಾರೆ. ವರ್ಷಕ್ಕೆ ನಾಲ್ಕು ಸಲ ನಡೆಯುವ ಯಿಜ್ಕೋರ್ ಸ್ಮರಣೆಯಲ್ಲಿ ಹಿರಿಯರ ಹೆಸರಿನಲ್ಲಿ ದಾನದ ಮಾತು ಕೊಡುತ್ತಾರೆ. ಸತ್ತವರ ನೆನಪು ಮತ್ತು ದಾನ ಮೊದಲಿನಿಂದಲೂ ಒಟ್ಟಿಗೇ ನಡೆದುಬಂದಿರುವುದರಿಂದ, ಉಯಿಲಿನಲ್ಲಿ ಸಿನಗಾಗಿಗೂ ಒಂದು ಸಾಲು ಇರಲಿ ಎಂದು ಕೇಳುವುದು ಅಲ್ಲಿ ಅಪಶಕುನವಲ್ಲ.

ಕೊಡುವ ದಾರಿಗಳು ಹಲವು. ಒಂದು ನಿಗದಿತ ಮೊತ್ತ ಬರೆಯಬಹುದು. ಆಸ್ತಿಯಲ್ಲಿ ಇಷ್ಟು ಶೇಕಡಾ ಎಂದೋ, ಎಲ್ಲರಿಗೂ ಕೊಟ್ಟು ಮಿಕ್ಕಿದ್ದರಲ್ಲಿ ಇಂತಿಷ್ಟು ಎಂದೋ ಬರೆಯಬಹುದು. ಜೀವವಿಮೆಗೆ, ನಿವೃತ್ತಿ ಖಾತೆಗೆ ಸಿನಗಾಗನ್ನು ಫಲಾನುಭವಿಯಾಗಿ ಹೆಸರಿಸಬಹುದು. ಅಮೆರಿಕದಲ್ಲಿ ನಿವೃತ್ತಿ ಖಾತೆಯ ಹಣ ಮಕ್ಕಳಿಗೆ ಹೋದರೆ ಸಾಮಾನ್ಯವಾಗಿ ಆದಾಯ ತೆರಿಗೆ ಬೀಳುತ್ತದೆ, ಧರ್ಮಸಂಸ್ಥೆಗೆ ಹೋದರೆ ಬೀಳುವುದಿಲ್ಲ. ಹಾಗಾಗಿ ಮನೆ, ಷೇರು ಮಕ್ಕಳಿಗೆ, ನಿವೃತ್ತಿ ಖಾತೆಯ ಪಾಲು ಸಿನಗಾಗಿಗೆ ಎಂದು ಹಂಚುವವರಿದ್ದಾರೆ. ಬಂದ ಹಣವನ್ನು ಮೂಲಧನವಾಗಿಟ್ಟು ವರ್ಷಕ್ಕೆ ನಾಲ್ಕೈದು ಶೇಕಡಾದಷ್ಟು ಮಾತ್ರ ತೆಗೆದು ಖರ್ಚು ಮಾಡುವುದು ಸಾಮಾನ್ಯ ಪದ್ಧತಿ.

ಬೆಳ್ಳಿ ಗಂಟೆಗಳ ವ್ಯಾಜ್ಯ

ಆದರೂ ನ್ಯೂಪೋರ್ಟಿನ ಕಥೆ 1883ರಲ್ಲಿ ಮಂದಿರ ಮತ್ತೆ ತೆರೆದಲ್ಲಿಗೆ ಸುಖಾಂತವಾಗಲಿಲ್ಲ. ತೋರಾ ಸುರುಳಿಯ ಕೋಲುಗಳ ತುದಿಗೆ ತೊಡಿಸುವ, ಕಿರುಗಂಟೆಗಳಿರುವ ಬೆಳ್ಳಿಯ ಶಿಖರಗಳಿಗೆ ರಿಮ್ಮೋನೀಮ್ ಎನ್ನುತ್ತಾರೆ. ಟೂರೋ ಸಿನಗಾಗಿನಲ್ಲಿದ್ದ ಒಂದು ಜೊತೆ, ಹದಿನೆಂಟನೇ ಶತಮಾನದ ನ್ಯೂಯಾರ್ಕಿನ ಹೆಸರಾಂತ ಅಕ್ಕಸಾಲಿ ಮೈಯರ್ ಮೈಯರ್ಸ್ ಕೈಯಲ್ಲಿ ಆದದ್ದು. ಅದನ್ನು ಬಾಸ್ಟನ್ನಿನ ಕಲಾ ವಸ್ತುಸಂಗ್ರಹಾಲಯ 74 ಲಕ್ಷ ಡಾಲರಿಗೆ ಕೊಳ್ಳಲು ಮುಂದೆ ಬಂತು. ಅಲ್ಲಿ ಪ್ರಾರ್ಥಿಸುತ್ತಿದ್ದ ಜೆಶುಅತ್ ಇಸ್ರೇಲ್ ಸಭೆ ಮಾರಲು ಸಿದ್ಧವಾಯಿತು. ಸದಸ್ಯರು ಕಡಿಮೆ, ರಬ್ಬಿಯನ್ನಿಟ್ಟುಕೊಂಡು ಮಂದಿರ ನಡೆಸಲು ಒಂದು ಮೂಲಧನ ಬೇಕು ಎಂಬುದು ಅವರ ವಾದ. ಹಿಂದೆ ಊರು ಖಾಲಿಯಾದಾಗ ಕಟ್ಟಡ ಮತ್ತು ಸಾಮಗ್ರಿಗಳ ಉಸ್ತುವಾರಿ ಪಡೆದಿದ್ದ ನ್ಯೂಯಾರ್ಕಿನ ಶೆಅರಿತ್ ಇಸ್ರೇಲ್ ಸಭೆ ತಡೆಯಿತು.

ಎರಡು ಯಹೂದಿ ಸಭೆಗಳು ಕೋರ್ಟಿಗೆ ಹೋದವು. 2016ರಲ್ಲಿ ಕೆಳ ನ್ಯಾಯಾಲಯ ನ್ಯೂಪೋರ್ಟಿನವರ ಪರ ತೀರ್ಪು ಕೊಟ್ಟಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಆ ತೀರ್ಪು ಬರೆದವರು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಡೇವಿಡ್ ಸೂಟರ್. ಇಪ್ಪತ್ತನೇ ಶತಮಾನದ ಆರಂಭದ ಒಪ್ಪಂದ ಮತ್ತು ಗೇಣಿ ಪತ್ರಗಳೇ ಅದಕ್ಕೆ ಆಧಾರ. ವರ್ಷಕ್ಕೆ ಒಂದು ಡಾಲರಿನಂತೆ ಗೇಣಿಗೆ ಇದ್ದವರು ಒಡೆಯರಲ್ಲ ಎಂಬುದು ಕಾಗದದಲ್ಲಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ.

ಜೂಡಾ ಟೂರೋ ಸಂಬಳಕ್ಕೆಂದು 10,000 ಡಾಲರ್ ಬರೆದಾಗ ಅದು ದೊಡ್ಡ ಹಣ. ಇಂದು ಅಷ್ಟರಲ್ಲಿ ಕೆಲವು ತಿಂಗಳ ಸಂಬಳವೂ ಪೂರ್ತಿ ಹುಟ್ಟುವುದಿಲ್ಲ. ಆ ಸಂಬಳಕ್ಕೆ ದಾರಿ ಹುಡುಕುತ್ತಲೇ ಆ ಸಭೆ ಬೆಳ್ಳಿ ಮಾರಲು ಹೊರಟಿದ್ದು. ಹಾಗೆಂದು ಟೂರೋಗಳ ದತ್ತಿ ಸೋತಿತು ಎನ್ನಲಾಗದು, ಅದು ತನ್ನ ಕಾಲದ ಕೆಲಸವನ್ನು ಮಾಡಿ ಮುಗಿಸಿತು. ಪ್ರತಿ ತಲೆಮಾರೂ ಅದಕ್ಕೆ ತನ್ನ ಪಾಲು ಸೇರಿಸುತ್ತಾ ಬಂದಿದ್ದರೆ ಮಾತ್ರ ಅದು ಇಂದಿನ ಕೆಲಸವನ್ನೂ ಮಾಡುತ್ತಿತ್ತು.

ಭಾರತದಲ್ಲಿ ಕಾನೂನಿನ ಅಡ್ಡಗೋಡೆ

ನಮ್ಮ ದೇಶದ ಯಹೂದಿಗಳಿಗೆ ಇಂಥ ಉಯಿಲು ಬರೆಯುವುದು ಬಹುಕಾಲ ಕಷ್ಟವಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೇ ಕಲಂ ಪ್ರಕಾರ, ಅಣ್ಣತಮ್ಮಂದಿರ ಅಥವಾ ಅಕ್ಕತಂಗಿಯರ ಮಕ್ಕಳೋ ಅವರಿಗಿಂತ ಹತ್ತಿರದ ಸಂಬಂಧಿಗಳೋ ಇರುವವರು ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ, ಸಾವಿಗೆ ಕನಿಷ್ಠ 12 ತಿಂಗಳು ಮುಂಚೆ ಉಯಿಲು ಆಗಿರಬೇಕಿತ್ತು; ಬರೆದ ಆರು ತಿಂಗಳೊಳಗೆ ಅದನ್ನು ಕಾನೂನು ಹೇಳಿದ ಕಡೆ ಠೇವಣಿ ಇಡಬೇಕಿತ್ತು. ಹಿಂದೂ, ಮುಸ್ಲಿಮರಿಗೆ ಈ ಕಟ್ಟು ಇರಲಿಲ್ಲ. ಕ್ರೈಸ್ತರಿಗೂ ಯಹೂದಿಗಳಿಗೂ ಇತ್ತು. ಜೂಡಾ ಟೂರೋ ಹಾಗೆ ಸಾಯುವ ಹನ್ನೆರಡು ದಿನ ಮುಂಚೆ ಮುಂಬೈಯ ಯಹೂದಿಯೊಬ್ಬರು ಸಿನಗಾಗಿಗೆ ಬರೆದಿದ್ದರೆ, ಅಣ್ಣನ ಮಗನೊಬ್ಬ ಬದುಕಿದ್ದ ಒಂದೇ ಕಾರಣಕ್ಕೆ ಆ ದಾನ ಬಿದ್ದುಹೋಗುತ್ತಿತ್ತು. ಕೇರಳದ ಪಾದ್ರಿ ಜಾನ್ ವಳ್ಳಮಟ್ಟಂ ಸುಪ್ರೀಂ ಕೋರ್ಟಿಗೆ ಹೋದರು. 2003ರಲ್ಲಿ ಮುಖ್ಯ ನ್ಯಾಯಮೂರ್ತಿ ವಿ.ಎನ್. ಖರೆ ಅವರ ಪೀಠ, ಇದು ಸಮಾನತೆಗೆ ವಿರುದ್ಧವೆಂದು ಆ ಕಲಂ ಅನ್ನು ರದ್ದುಮಾಡಿತು.

ಅಷ್ಟರಲ್ಲಿ ಭಾರತದ ಹೆಚ್ಚಿನ ಯಹೂದಿಗಳು ಇಸ್ರೇಲಿಗೆ ಹೋಗಿಯಾಗಿತ್ತು. ಮುಂಬೈಯಲ್ಲಿ ಸಸೂನ್ ಮನೆತನ ಕಟ್ಟಿಸಿದ ಮಾಗೆನ್ ದಾವಿದ್ ಮತ್ತು ಕೆನೆಸೆತ್ ಎಲಿಯಾಹೂ ಸಿನಗಾಗ್‌ಗಳಿಗೆ ಸರ್ ಜೇಕಬ್ ಸಸೂನ್ ಹೆಸರಿನ ಟ್ರಸ್ಟ್ ಆಸರೆಯಾಗಿದೆ. ಕೇರಳದ ಚೇಂದಮಂಗಲಂ, ಪರವೂರ್ ಸಿನಗಾಗ್‌ಗಳು ಸರ್ಕಾರದ ಕಾಳಜಿಯಿಂದ ವಸ್ತುಸಂಗ್ರಹಾಲಯಗಳಾಗಿವೆ. ಎರ್ನಾಕುಲಂನ ಕಡವುಂಭಾಗಂ ಸಿನಗಾಗ್ ಉಳಿದದ್ದು, ಅದರ ಜಾಗದಲ್ಲಿ ಬಣ್ಣದ ಮೀನು, ಹೂಗಿಡ ಮಾರುತ್ತಾ ಕಟ್ಟಡವನ್ನು ಕಾಯ್ದ ಯಹೂದಿ ವ್ಯಾಪಾರಿಯೊಬ್ಬರ ಹಠದಿಂದ. ಕೋಲ್ಕತ್ತದಲ್ಲಿ ಸಿನಗಾಗ್‌ಗಳ ಬಾಗಿಲು ತೆಗೆದು ದೂಳು ಹೊಡೆಯುವವರು ಮುಸ್ಲಿಮ್ ಕಾವಲುಗಾರರು. ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಒಂದು ಪುಟ್ಟ ಯಹೂದಿ ಸ್ಮಶಾನವಿದೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕೊಟ್ಟ ಜಾಗ ಅದು. ಜನ ಚದುರಿದ ಮೇಲೂ ಈ ಜಾಗಗಳು ಉಳಿದಿರುವುದು ಯಾರೋ ಒಬ್ಬರು ಅವುಗಳ ಹೊಣೆ ಹೊತ್ತಿರುವುದರಿಂದ.

ಮರಣಾನಂತರದ ದಾನದ ಬಗ್ಗೆ ಯೋಚಿಸುವವರು ಸಾಮಾನ್ಯವಾಗಿ ಎಷ್ಟು ಕೊಡಲಿ ಎಂಬಲ್ಲೇ ನಿಲ್ಲುತ್ತಾರೆ. ಟೂರೋ ಸಹೋದರರು ಅದಕ್ಕಿಂತ ಮುಂದೆ ಹೋದರು. ಏತಕ್ಕೆ, ಯಾರ ಕೈಗೆ ಎಂದು ಬರೆದರು. ತಮ್ಮವರು ಇಲ್ಲದಾಗ ಬೇರೆ ಧರ್ಮದವರ ಪ್ರಾಮಾಣಿಕತೆಯನ್ನು ನಂಬಿದರು. ಇಂದು ಬರೆಯುವವರು ಅದಕ್ಕೆ ಇನ್ನೂ ಮೂರನ್ನು ಸೇರಿಸಬೇಕು. ನಿಗದಿತ ಮೊತ್ತಕ್ಕಿಂತ ಆಸ್ತಿಯ ಪಾಲು ಬರೆಯುವುದು ಮೇಲು, ಬೆಲೆ ಏರಿದರೆ ದಾನವೂ ಏರುತ್ತದೆ. ಹೇಳಿದ ಉದ್ದೇಶ ಮುಂದೊಂದು ದಿನ ಅಸಾಧ್ಯವಾದರೆ ಹಣ ಯಾವ ಕೆಲಸಕ್ಕೆ ಹೋಗಬೇಕು ಎಂದು ನೀವೇ ಹೇಳಿ, ಆ ತೀರ್ಮಾನವನ್ನು ಕೋರ್ಟಿಗೆ ಬಿಡಬೇಡಿ. ಬದುಕಿರುವಾಗಲೇ ಮಕ್ಕಳನ್ನು ಕೂರಿಸಿಕೊಂಡು ಎಲ್ಲವನ್ನೂ ತಿಳಿಸಿ, ಅವರು ಒಪ್ಪಿದ ದಾನಕ್ಕೆ ಮುಂದೆ ತಕರಾರು ಹುಟ್ಟುವುದು ಅಪರೂಪ.

ಮಂದಿರಕ್ಕೆ ಬರೆದಿಡುವವರು ಇಂದು ಅಲ್ಲಿ ಬಂದು ಕೂರುವ ಹತ್ತು ಜನರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡರೆ ಸಾಲದು. ಮುಂದೆ ಎಲ್ಲಿಂದಲೋ ಬರುವ, ತಮ್ಮ ಹೆಸರೂ ಗೊತ್ತಿರದ ಜನರಿಗಾಗಿ ಅವರು ಬರೆಯುತ್ತಿದ್ದಾರೆ. ಅಂಥ ದಾನಕ್ಕೆ ಧೈರ್ಯ ಎಷ್ಟು ಬೇಕೋ, ಕಾಗದದ ಮೇಲೆ ಒಂದೊಂದು ಮಾತನ್ನೂ ಅಳೆದು ಬರೆಯುವ ತಾಳ್ಮೆಯೂ ಅಷ್ಟೇ ಬೇಕು.